ರಾಜನ ಪಾರ್ಟು, ಯಾರ ಮುಖ

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಅಪ್ಪ ತೀರಿಕೊಂಡರೆಂದು ಮಳವಳ್ಳಿಯ ಹಾಸ್ಟೆಲಿನಿಂದ ಟ್ರಂಕು ಹೊತ್ತುಕೊಂಡು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಇದನ್ನು ಕೊರಗಿಕೊಂಡು ಹೇಳುತ್ತಿಲ್ಲ. ಓದಿದ್ದರೆ ಇನ್ನೊಬ್ಬರ ಕೈಕೆಳಗೆ ಇರುತ್ತಿದ್ದೆನೋ ಏನೋ. ಈಗ ಮದ್ದೂರಿನಲ್ಲಿ ನನ್ನದೇ ಅಂಗಡಿ ಇದೆ. ಬೋರ್ಡಿನ ಮೇಲೆ ನನ್ನದೇ ಫೋನ್ ನಂಬರು ಇದೆ.

ಮೊದಲು ಕೆಲಸಕ್ಕೆ ಸೇರಿದ್ದು ಮದ್ದೂರಿನಲ್ಲಿ ಮದುವೆ, ನಾಟಕಗಳ ವಿಡಿಯೋ ತೆಗೆಯುತ್ತಿದ್ದ ಒಬ್ಬ ಯಜಮಾನರ ಹತ್ತಿರ. ಲೈಟು ಹಿಡಿದೆ, ವೈರು ಸುತ್ತಿದೆ, ಬೈಸಿಕೊಂಡೆ, ಕೊನೆಗೆ ಕ್ಯಾಮೆರಾ ಹಿಡಿದೆ. ಈಗ ನನ್ನ ಮುಖ್ಯ ಕೆಲಸ ಅಂಗಡಿ, ಮನೆ, ತೋಟಗಳಿಗೆ ಸಿಸಿಟಿವಿ ಕೂರಿಸುವುದು. ಅನುಮಾನವೇ ಈ ವ್ಯಾಪಾರದ ಬಂಡವಾಳ. ತೆಂಗಿನಕಾಯಿ ಕದಿಯುವವನು ಅಳಿಯನೇ ಇರಬೇಕು ಎಂದು ನಂಬಿದ ಮಾವನಿಗೂ ನಾನು ಕ್ಯಾಮೆರಾ ಹಾಕಿಕೊಟ್ಟಿದ್ದೇನೆ. ಅಳಿಯನಲ್ಲ, ಮಾವನ ತಮ್ಮ. ಇಂಥವನ್ನೇ ನೋಡಿ ನೋಡಿ ನನಗೂ ಅದು ಅಂಟಿಕೊಂಡಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅಂಟಿಕೊಳ್ಳದೆ ಇರುವುದಕ್ಕೆ ನಾನೇನು ಎಣ್ಣೆ ಹಚ್ಚಿಕೊಂಡು ಓಡಾಡುತ್ತೇನೆಯೇ?

ಯಜಮಾನರು ವಯಸ್ಸಾಗಿ ಅಂಗಡಿ ಮುಚ್ಚಿದಾಗ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ನನ್ನ ಮುಂದೆ ಇಟ್ಟರು. ಅದರಲ್ಲಿ ಹೆಚ್ಚಿನವು ನಾಟಕ. ನಮ್ಮ ಕಡೆ ಪೌರಾಣಿಕ ನಾಟಕ ಎಂದರೆ ಊರಿನವರೇ ಆಡುವುದು. ಕಬ್ಬು ಬೆಳೆಯುವವನು ರಾಜ, ಪೋಸ್ಟ್‌ಮ್ಯಾನು ಮಂತ್ರಿ, ಸೊಸೈಟಿಯ ಸೆಕ್ರೆಟರಿ ಋಷಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳಾನುಗಟ್ಟಲೆ ಪದ ಕಲಿಸುತ್ತಾರೆ, ಸೀನರಿ ಮಂಡ್ಯದಿಂದ ಬರುತ್ತದೆ. ಎಲ್ಲರಿಗೂ ಪಾರ್ಟು ಬೇಕು, ಪಾರ್ಟು ಇರುವುದು ಕಡಿಮೆ. ಅದಕ್ಕೆ ಒಂದೇ ಪಾರ್ಟನ್ನು ಇಬ್ಬರಿಗೆ ಹಂಚುವುದುಂಟು. ಮೊದಲರ್ಧ ಒಬ್ಬ ರಾಜ, ಆಮೇಲೆ ಅದೇ ಕಿರೀಟ ಇಟ್ಟುಕೊಂಡು ಇನ್ನೊಬ್ಬ ರಾಜ. ನೋಡುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಆ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ಮನೆಯ ಮಹಡಿಯ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಮೀಡಿಯಾ ಸರ್ವರ್ ಮಾಡಿ ಇಟ್ಟೆ. ಅಂದರೆ ನಾಟಕಗಳೆಲ್ಲ ಅದರೊಳಗೆ ಇರುತ್ತವೆ. ಮನೆಯ ಟಿವಿಯಲ್ಲೂ ನೋಡಬಹುದು, ಲಾಗಿನ್ ಕೊಟ್ಟರೆ ದೂರದವರೂ ನೋಡಬಹುದು. ಪ್ರತಿ ನಾಟಕಕ್ಕೂ ಒಂದು ಪುಟ. ಪುಟದ ಕೆಳಗೆ ಪಾತ್ರಧಾರಿಗಳ ಸಾಲು: ಹೆಸರು, ಪಾರ್ಟು, ಅದರ ಮೇಲೆ ರೂಪಾಯಿ ಬಿಲ್ಲೆಯಂತೆ ದುಂಡಗೆ ಒಂದು ಮುಖ. ಫೋಟೋ ಇಲ್ಲದವರಿಗೆ ಬೂದು ಬಣ್ಣದ ಬೋಳುತಲೆ. ಇದಕ್ಕೆಲ್ಲ ಮೆಟಾಡೇಟಾ ಎಂದು ಹೆಸರಂತೆ. ನನ್ನ ಮಟ್ಟಿಗೆ ಅದು ವಿವರ.

ಮೊದಲ ದಿನವೇ ಆ ಯಂತ್ರದ ಬುದ್ಧಿ ಗೊತ್ತಾಯಿತು. ಮಂತ್ರಿ ಪಾರ್ಟಿನ ಪೋಸ್ಟ್‌ಮ್ಯಾನಿನ ಹೆಸರು ಬರೆದೆ. ಅದು ತಾನೇ ಇಂಟರ್ನೆಟ್ಟಿಗೆ ಹೋಗಿ, ಅದೇ ಹೆಸರಿನ ಯಾವುದೋ ಸಿನಿಮಾ ಹೀರೋವಿನ ಮುಖ ತಂದು ಅಂಟಿಸಿತು. ತಂಪು ಕನ್ನಡಕ ಬೇರೆ. ಕೇಳದೆ ಕೆಲಸ ಮಾಡುವವರನ್ನು ನಾನು ನಂಬುವುದಿಲ್ಲ. ಇಂಟರ್ನೆಟ್ಟಿನಿಂದ ಏನೂ ತರಬಾರದು ಎಂದು ಬಂದೋಬಸ್ತು ಮಾಡಿ, ಮುಖಗಳನ್ನು ನಾನೇ ಹುಡುಕಿ ಹಾಕತೊಡಗಿದೆ. ವಿಡಿಯೋ ನಿಲ್ಲಿಸುವುದು, ಮುಖ ಕತ್ತರಿಸುವುದು, ಹೆಸರಿನ ಮೇಲೆ ಕೂರಿಸುವುದು, ಕೊನೆಗೆ ಯಾರೂ ಮುಟ್ಟದಂತೆ ಪುಟಕ್ಕೆ ಬೀಗದ ಗುರುತು ಒತ್ತುವುದು.

ಇಷ್ಟೆಲ್ಲ ಕಷ್ಟಪಟ್ಟಿದ್ದು ಒಂದೇ ಒಂದು ಮುಖಕ್ಕೆ. ಅಪ್ಪನ ಫೋಟೋ ನಮ್ಮಲ್ಲಿ ಇಲ್ಲ. ಮದುವೆಯದೊಂದು ಇತ್ತು, ಗೆದ್ದಲು ತಿಂದು ಅದರಲ್ಲಿ ಅವ್ವನ ಸೀರೆ ಮಾತ್ರ ಉಳಿದಿತ್ತು. ಅವ್ವನೂ ಹೋದಳು. ಅಪ್ಪನ ಮುಖ ನನಗೆ ನೆನಪಿದೆ ಎಂದೇ ಅಂದುಕೊಂಡಿದ್ದೆ. ಒಂದು ದಿನ ನೆನಪಿಸಿಕೊಳ್ಳಲು ಹೋದರೆ ಮೀಸೆ ಬಂತು, ಹೆಗಲ ಮೇಲಿನ ಟವೆಲ್ಲು ಬಂತು, ಮುಖ ಬರಲಿಲ್ಲ. ಆದರೆ ಗೋಣಿಚೀಲದಲ್ಲಿ ನಮ್ಮೂರಿನ ಒಂದು ನಾಟಕ ಸಿಕ್ಕಿತು. ಅಪ್ಪ ಸಾಯುವ ಹಿಂದಿನ ವರ್ಷದ್ದು. ನಾನು ಹಾಸ್ಟೆಲಿನಲ್ಲಿದ್ದೆ, ಅದನ್ನು ನೋಡಿರಲಿಲ್ಲ. ರಾಜನ ಪಾರ್ಟು ಅಪ್ಪನಿಗೂ ಚಿಕ್ಕಪ್ಪನಿಗೂ ಹಂಚಿಕೆಯಾಗಿತ್ತು ಎಂದು ಅವ್ವ ಹೇಳಿದ್ದಳು. ಹಿರಿಯನಿಗೆ ಮೊದಲು ಎನ್ನುವುದು ಊರಿನ ಪದ್ಧತಿ. ಹಾಗಾಗಿ ಮೊದಲರ್ಧದ ರಾಜನ ಮುಖವನ್ನು ಕತ್ತರಿಸಿ, ಅಪ್ಪನ ಹೆಸರು ಬರೆದು ಕೂರಿಸಿದೆ. ಬಣ್ಣ, ಕಿರೀಟ, ಅಂಟಿಸಿದ ಮೀಸೆ, ಹಳೆಯ ಟೇಪಿನ ಗೆರೆಗಳು. ಆದರೂ ಮುಖ. ಬೀಗ ಒತ್ತಿದೆ.

ಎರಡನೇ ರಾಜ ಚಿಕ್ಕಪ್ಪ. ಅವರ ಹೆಸರನ್ನು ಆ ಪುಟದಲ್ಲಿ ಬರೆಯಲಿಲ್ಲ. ಆಮೇಲೆ ಬರೆದರಾಯಿತು ಎಂದುಕೊಂಡೆ. ಪಾಲಾಗುವಾಗ ಬಾವಿ ಕಡೆಯ ಹೊಲ ಅವರಿಗೆ ಹೋದದ್ದೂ ಮನಸ್ಸಿನಲ್ಲಿತ್ತು.

ಚಿಕ್ಕಪ್ಪನೂ ಈಗಿಲ್ಲ. ಅವರ ಮಗ, ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು, ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದಾನೆ. ಊರಿನಲ್ಲೇ ಚಿಕ್ಕವ್ವನ ಜೊತೆ ಇದ್ದಾನೆ. ಬಹಳ ವರ್ಷ ನಮ್ಮಲ್ಲಿ ಮಾತಿರಲಿಲ್ಲ; ಅವ್ವ ಸತ್ತಾಗ ಅವನು ಬಂದು ಹೆಗಲು ಕೊಟ್ಟ ಮೇಲೆ ಅಷ್ಟಿಷ್ಟು ಶುರುವಾಯಿತು. ಊರಿನ ಪಾತ್ರಧಾರಿಗಳ ಹೆಸರು ನನಗೆ ಪೂರ್ತಿ ಗೊತ್ತಿರಲಿಲ್ಲ. ಅವನು ಬರೆದುಕೊಡುತ್ತೇನೆ ಎಂದ. ಒಂದು ಲಾಗಿನ್ ಕೊಟ್ಟೆ, ವಿವರ ಬದಲಾಯಿಸುವ ಅಧಿಕಾರವನ್ನೂ ಕೊಟ್ಟೆ. ಕೊಡುವಾಗಲೇ ಬೆರಳು ಒಂದು ಗಳಿಗೆ ತಡೆಯಿತು.

ವಾರ ಕಳೆದಿರಲಿಲ್ಲ. ಅಂಗಡಿಯಿಂದ ಊಟಕ್ಕೆ ಬಂದವನು ಟಿವಿ ಹಚ್ಚಿದೆ. ರಾಜನ ಪಾರ್ಟಿನ ಮೇಲೆ, ಅಪ್ಪನ ಹೆಸರಿನ ಮೇಲೆ, ಬಿಳಿ ಶರ್ಟು ಹಾಕಿಕೊಂಡು ಚಿಕ್ಕಪ್ಪ ಕೂತಿದ್ದರು. ಹಿಂದೆ ನೀಲಿ ಪರದೆ. ಪಾಸ್‌ಪೋರ್ಟ್ ಅಳತೆಯ ಫೋಟೋ.

ತೆಗೆದೆ. ಅಪ್ಪನನ್ನು ಮತ್ತೆ ಕೂರಿಸಿದೆ. ಬೀಗ ಇದೆಯೇ ಎಂದು ಎರಡು ಸಲ ನೋಡಿದೆ, ಇತ್ತು. ಮಾರನೇ ದಿನ ಮತ್ತೆ ಚಿಕ್ಕಪ್ಪ.

"ಅವ್ನೇ," ಎಂದೆ.

ಹೆಂಡತಿ ಬಡಿಸುತ್ತಿದ್ದವಳು ಟಿವಿ ಕಡೆ ನೋಡಲೂ ಇಲ್ಲ. "ಅಲ್ಲಾ ಕಣ್ರೀ, ಅವ್ನು ಮಾಡಿದ್ರೆ ನಿಮ್ ಮುಂದೇನೇ ಮಾಡ್ತಾನೆ. ಕದ್ದು ಮಾಡೋ ಜಾಯಮಾನ ಅಲ್ಲ ಅವುಂದು."

"ಬೀಗ ಆಕಿರೋದ್ರೊಳಕ್ಕೆ ಎಂಗ್ ಬಂದ ಮತ್ತೆ?"

"ನಂಗೇನ್ ಗೊತ್ತು? ಸಾರ್ ಆರೋಗ್ತದೆ, ಉಣ್ಣಿ."

ಅವನಿಗೆ ಆಗಲೇ ಫೋನು ಮಾಡಲಿಲ್ಲ. ಸಾಕ್ಷಿ ಇಲ್ಲದೆ ಕೇಳಿದರೆ ಕಳ್ಳನೇ ಬುದ್ಧಿ ಹೇಳುತ್ತಾನೆ. ದಿನವೂ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅಪ್ಪನನ್ನು ಕೂರಿಸಿ ಹೋಗುತ್ತಿದ್ದೆ. ಕೆಲವು ದಿನ ಸಂಜೆವರೆಗೂ ಇರುತ್ತಿದ್ದರು, ಕೆಲವು ದಿನ ಮಧ್ಯಾಹ್ನಕ್ಕೇ ಬಿಳಿ ಶರ್ಟು. ಅವನಿಗೆ ಶಿಫ್ಟು ಯಾವಾಗ ಎಂದು ಬೇರೆಯವರ ಮೂಲಕ ವಿಚಾರಿಸಿದೆ. ಬೆಳಗಿನ ಪಾಳಿ ಇದ್ದ ವಾರ ಫೋಟೋ ಮಧ್ಯಾಹ್ನದ ಮೇಲೆ ಬದಲಾಗುತ್ತಿತ್ತು. ಇನ್ನೇನು ಬೇಕು? ಫೋನು ಮಾಡಿದೆ.

"ಏನ್ಲಾ, ನಮ್ಮಪ್ಪನ್ ಮುಖ ಕಿತ್ತಾಕಿ ನಿಮ್ಮಪ್ಪನ್ನ ಕೂರುಸ್ತಾ ಇದ್ದೀಯಲ್ಲಾ, ನಾಚ್ಕೆ ಆಗಕಿಲ್ವಾ?"

"ಯಾರ್ ಕಿತ್ತಾಕಿದ್ದು? ನಾನು ಆಕಿರದು ನಮ್ಮಪ್ಪ ಮಂತ್ರಿ ಮಾಡಿರೋ ನಾಟ್ಕಕ್ಕೆ ಕಣಣ್ಣ. ನಿನ್ ರಾಜನ್ ತಂಟೆಗೇ ನಾನ್ ಬಂದಿಲ್ಲ. ನೀನೇ ದಿನಾ ನಮ್ಮಪ್ಪನ್ ಫೋಟೋ ಕಿತ್ತು ಕಿರೀಟದ್ ಫೋಟೋ ಅಂಟಿಸ್ತಾ ಇರದು!"

"ನಾನ್ಯಾಕ್ಲಾ ನಿಮ್ ಮಂತ್ರಿ ಮುಟ್ಲಿ?"

"ಅದ್ನೇ ನಾನೂ ಕೇಳ್ತಾ ಇವ್ನಿ. ಒಲ ಪಾಲಾಯ್ತು, ಮನೆ ಪಾಲಾಯ್ತು, ಈಗ ಟೀವಿ ಒಳ್ಗೂ ಒಂದ್ ಬದು ಆಕ್ಬೇಕಾ?"

ಫೋನಿಟ್ಟು ಅವನ ಲಾಗಿನ್ ಕಿತ್ತುಹಾಕಿದೆ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ.

ಅಪ್ಪನನ್ನು ಕೂರಿಸಿದೆ. ಎರಡು ದಿನ ಅಲ್ಲಾಡಲಿಲ್ಲ. ನನ್ನ ಅನುಮಾನ ನಿಜವಾಯಿತಲ್ಲ ಎಂದು ಬೀಗಿದೆ. ಮೂರನೇ ದಿನ, ಅವನು ಹೇಳಿದ ಮಂತ್ರಿಯ ನಾಟಕ ಯಾವುದು ನೋಡೋಣ ಎಂದು ಆ ಪುಟ ತೆಗೆದೆ. ಅಲ್ಲಿ ಮಂತ್ರಿಯ ಮೇಲೆ ಕಿರೀಟದ ಮುಖ ಇತ್ತು. ನಾನು ಅಪ್ಪನಿಗೆಂದು ಕತ್ತರಿಸಿದ್ದು. ನಾನು ಅಲ್ಲಿ ಹಾಕಿರಲೇ ಇಲ್ಲ. ಲಾಗಿನ್ ಹೋಗುವ ಮೊದಲು ಅವನು ಮಾಡಿಟ್ಟ ಕಿತಾಪತಿ ಎಂದುಕೊಂಡು ಅದನ್ನು ಅಳಿಸಿದೆ. ನಂತರ ರಾಜನ ಪುಟಕ್ಕೆ ಬಂದು ನೋಡಿದರೆ ಅಲ್ಲಿಯೂ ಅಪ್ಪ ಇಲ್ಲ. ಬೂದು ಬಣ್ಣದ ಬೋಳುತಲೆ.

ಅವನಿಗೆ ಲಾಗಿನ್ ಇಲ್ಲ. ಮನೆಯಲ್ಲಿ ನಾನು, ಹೆಂಡತಿ. ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಆದರೂ ಒಂದು ಗಳಿಗೆ ಅವಳ ಕಡೆ ನೋಡಿದೆ.

"ನನ್ ಮೇಲೂ ಬಂತಾ?" ಎಂದಳು.

ಪವರ್ ಹೌಸಿನವನು, ವೈರು ಕರೆಂಟು ಎಲ್ಲ ತಿಳಿದವನು, ಬೇರೆ ಯಾವುದೋ ದಾರಿ ಇಟ್ಟುಕೊಂಡಿದ್ದಾನೆ ಎಂದೇ ನನ್ನ ತೀರ್ಮಾನ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ಬ್ಯಾಗಿಗೆ ಹಾಕಿಕೊಂಡು ಬೈಕು ಹತ್ತಿದೆ. ಮುಖಾಮುಖಿ ಇತ್ಯರ್ಥವಾಗಲಿ. ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಜೋಡಿಸಿಕೊಂಡು ಹೋದೆ.

ಅವನು ಜಗಲಿಯ ಮೇಲೆ ಬಂಡೂರು ಕುರಿಮರಿಯೊಂದನ್ನು ಕಾಲಸಂದಿಯಲ್ಲಿ ಹಿಡಿದುಕೊಂಡು ಔಷಧ ಕುಡಿಸುತ್ತಿದ್ದ. ನನ್ನನ್ನು ನೋಡಿ, "ಪೊಲೀಸ್ನೋರ್ನ ಕರ್ಕಂಡ್ ಬರ್ನಿಲ್ವಾ ಅಣ್ಣ?" ಎಂದ.

"ಬಾಯ್ ಮುಚ್ಚಿ ಒಳಕ್ಕೆ ಬಾರ್ಲಾ."

ಅವರ ಟಿವಿಗೆ ಲ್ಯಾಪ್‌ಟಾಪು ಜೋಡಿಸಿದೆ. ಬೂದು ತಲೆಯ ರಾಜನನ್ನು ತೋರಿಸಿದೆ. ಅವನು, ತನ್ನ ಮಂತ್ರಿಯನ್ನು ತೋರಿಸು ಎಂದ. ಅಲ್ಲಿಯೂ ಬೂದು ತಲೆ. ಇಬ್ಬರೂ ಒಟ್ಟಿಗೆ ಬಾಯಿ ಮಾಡಿದೆವು. ಅಡುಗೆಮನೆಯಿಂದ ಚಿಕ್ಕವ್ವ ಕಾಫಿ ತಂದವಳು ನಿಂತೇ ಕೇಳಿದಳು. ಅವಳಿಗೆ ಓದು ಬರುವುದಿಲ್ಲ.

"ಎಸ್ರು ಎಂಗ್ ಬರ್ದಿದ್ದೀರ್ಲಾ? ಒಬ್ಬೊಬ್ರೇ ಓದಿ."

ನಾನು ರಾಜನ ಹೆಸರು ಓದಿದೆ. ಅವನು ಮಂತ್ರಿಯ ಹೆಸರು ಓದಿದ. ಎರಡೂ ಒಂದೇ. ನಮ್ಮೂರ ದೇವರ ಹೆಸರು.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮಜ್ಜಿ ಊರ ದೇವರಿಗೆ ಹರಕೆ ಹೊತ್ತು ಇಬ್ಬರು ಗಂಡುಮಕ್ಕಳಿಗೂ ಅದೇ ದೇವರ ಹೆಸರಿಟ್ಟಿದ್ದಳು. ಹೆಸರಿನ ಮುಂದೆ ಒಬ್ಬನಿಗೆ ದೊಡ್ಡ, ಇನ್ನೊಬ್ಬನಿಗೆ ಚಿಕ್ಕ. ನಮ್ಮ ಕಡೆ ಇದು ಸಾಮಾನ್ಯ. ಪಹಣಿಯಲ್ಲೂ ಹಾಗೇ ಇದೆ, ಓಟಿನ ಪಟ್ಟಿಯಲ್ಲೂ ಹಾಗೇ ಇತ್ತು. ನಾವು ಇಬ್ಬರೂ ಆ ಮುಂದಿನ ಮಾತನ್ನು ಬಿಟ್ಟು ಬರೆದಿದ್ದೆವು.

"ದೊಡ್ಡ ಎಲ್ಲೋಯ್ತು? ಚಿಕ್ಕ ಎಲ್ಲೋಯ್ತು?" ಚಿಕ್ಕವ್ವ ಲೋಟ ಕೆಳಗಿಟ್ಟಳು. "ಅದು ಇಲ್ದಿದ್ರೆ ಪೋಸ್ಟ್‌ನೋನೇ ನಿಮ್ಮಪ್ಪನ್ ಕಾಗ್ದನ ನಮ್ ಮನೆಗ್ ಕೊಟ್ಟೋಯ್ತಿದ್ದ. ಅವ್ನಾದ್ರೂ ಊರೋನು. ಇದು ಯಾವ್ ಸೀಮೆ ಮಿಸಿನ್ನೋ, ಇಬ್ರೂನೂ ಒಬ್ನೇ ಅಂದ್ಕಂಡದೆ."

ನಾನೂ ಅವನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಂತ್ರಕ್ಕೆ ಹೆಸರೇ ಮನುಷ್ಯ. ಹೆಸರು ಒಂದಾದರೆ ಮುಖವೂ ಒಂದು. ನಾನು ಮದ್ದೂರಿನಲ್ಲಿ ರಾಜನಿಗೆ ಹಾಕಿದ್ದು ಅವನ ಮಂತ್ರಿಗೂ ಬಂದಿತ್ತು, ಅವನು ಮಂತ್ರಿಗೆ ಹಾಕಿದ್ದು ನನ್ನ ರಾಜನಿಗೂ ಬಂದಿತ್ತು. ಮಂತ್ರಿಯ ಮೇಲಿಂದ ನಾನು ಅಳಿಸಿದ್ದು ರಾಜನ ಮೇಲಿಂದಲೂ ಅಳಿದಿತ್ತು. ನಾನು ಬೀಗ ಒತ್ತಿದ್ದು ನಾಟಕದ ಪುಟಕ್ಕೆ, ಮನುಷ್ಯನ ಮುಖಕ್ಕಲ್ಲ.

ನಾನು ದೊಡ್ಡ ಎಂದು ಏಕೆ ಬರೆಯಲಿಲ್ಲ ಎಂದರೆ, ದೊಡ್ಡ ಎಂದರೆ ಚಿಕ್ಕ ಎನ್ನುವವನೊಬ್ಬ ಇದ್ದಾನೆ ಎಂದು ನಾನೇ ಹೇಳಿದಂತೆ. ಪಾಲಾದ ಮೇಲೆ ನಮ್ಮ ಮನೆಯಲ್ಲಿ ಆ ಮಾತು ಬರುತ್ತಿರಲಿಲ್ಲ. ಅವನ ಕಾರಣ ಬೇರೆ.

"ನಮ್ಮಪ್ಪ ಯಾವ್ ಲೆಕ್ಕದಲ್ಲಿ ಚಿಕ್ಕೋನು? ನಾನ್ ಬರಿಯಾಕಿಲ್ಲ," ಎಂದ.

"ಚಿಕ್ಕೋನೇ ಅಂತ ಊರೆಲ್ಲ ಕೂಗೋರು, ಓ ಅಂತಿದ್ದ ನಿಮ್ಮಪ್ಪ. ಅವುನ್ಗಿಲ್ದಿರೋ ರೋಗ ನಿನ್ಗೇನ್ಲಾ? ಬರಿ."

ಬರೆದ. ನಾನೂ ಬರೆದೆ. ಒಂದಾಗಿದ್ದ ಬೂದು ತಲೆ ಈಗ ಎರಡಾಯಿತು. ಅವನು ಬಿಳಿ ಶರ್ಟನ್ನು ಚಿಕ್ಕ ಎನ್ನುವ ಹೆಸರಿಗೆ ಹಾಕಿದ, ನಾನು ಕಿರೀಟದ ಮುಖವನ್ನು ದೊಡ್ಡ ಎನ್ನುವ ಹೆಸರಿಗೆ ಹಾಕಿದೆ. ಈ ಸಲ ಎರಡೂ ತಮ್ಮ ತಮ್ಮ ಜಾಗದಲ್ಲಿ ನಿಂತವು. ಕಾಫಿ ಕುಡಿಯೋಣ ಎಂದು ಲೋಟಕ್ಕೆ ಕೈ ಹಾಕಿದೆ.

ಚಿಕ್ಕವ್ವ ಟಿವಿ ಹತ್ತಿರ ಹೋಗಿ ಬಗ್ಗಿದಳು. "ಇದ್ಯಾಕ್ ಮಗ, ದೊಡ್ಡ ಅಂತ ಬರ್ದು ನನ್ ಗಂಡನ್ ಮುಖ ಆಕ್ದೆ?"

"ಇದು ನಮ್ಮಪ್ಪ ಚಿಕ್ಕವ್ವ. ಮೊದಲ್ನೇ ರಾಜ."

"ಮೊದಲ್ನೇ ರಾಜ ನಮ್ಮೋನು ಕಣಪ್ಪ. ನಿಮ್ಮಪ್ಪ ಆಮೇಲಿಂದು."

ನನ್ನೊಳಗೆ ಬಂದ ಮೊದಲ ಮಾತು ಇದು: ಹೆಸರು ಬಿಡಿಸಿಕೊಟ್ಟ ಹಾಗೆ ಮಾಡಿ ಈಗ ಮುಖವನ್ನೇ ತೆಗೆದುಕೊಳ್ಳುತ್ತಾ ಇದ್ದಾಳೆ. ಬಾವಿ ಕಡೆಯ ಹೊಲವನ್ನೂ ಹೀಗೇ ಮೆತ್ತಗೆ ಮಾತಾಡಿ ತೆಗೆದುಕೊಂಡರೆಂದು ಅವ್ವ ಹೇಳುತ್ತಿದ್ದಳು.

"ಹಿರಿಯೋನ್ಗೆ ತಾನೇ ಮೊದ್ಲು?" ಎಂದೆ.

"ಮನೇಲಿ ಅಂಗೆ. ನಾಟ್ಕದಲ್ಲಿ ಮೇಷ್ಟ್ರು ಏಳ್ದಂಗೆ. ಮೊದಲ್ನೇ ರಾಜುಂಗೆ ಬರೀ ಅಬ್ಬರ. ಆಮೇಲಿನೋನ್ಗೆ ಅಳೋ ಪದ. ಅಳೋ ಪದ ನಿಮ್ಮಪ್ಪಂಗೇ ಬರದು."

"ಕಣ್ ಆಪ್ರೇಷನ್ ಆಗದೆ ನಿಂಗೆ. ಈ ಬಣ್ಣದೊಳ್ಗೆ ಎಂಗ್ ಗುರ್ತ್ ಇಡುದ್ಬುಟ್ಟೆ?"

ಅವಳಿಗೆ ಸಿಟ್ಟು ಬರಲಿಲ್ಲ. "ಮುಖದಲ್ಲಲ್ಲ. ನಿಮ್ಮಪ್ಪ ಪದ ಎತ್ತೋವಾಗ ಎಲ್ರಂಗೆ ಆರ್ಮೋನಿಯಂ ಕಡೆ ನೋಡ್ತಿರ್ಲಿಲ್ಲ. ಎಂಗಸ್ರು ಕೂತಿರೋ ಕಡೆ ನೋಡೋನು. ನಿಮ್ಮವ್ವ ಎಲ್ ಕೂತವ್ಳೆ ಅಂತ. ಮೇಷ್ಟ್ರು ಬೋದು ಬೋದು ಸಾಕಾಗ್ ಬುಟ್ಬುಟ್ರು."

"ರಾಜನ್ ಪಾರ್ಟಲ್ಲೂ ದೊಡ್ಡಪ್ಪ ಲೈನ್ ಒಡೀತಿತ್ತಾ ಅವ್ವ?" ಎಂದ ಮಗ.

"ಕಟ್ಕಂಡೋಳ್ನ ನೋಡಾಕೆ ಯಾವನ್ ಅಪ್ಣೆ ಬೇಕ್ಲಾ ಮುಂಡೇದೆ?"

ನಾಟಕ ಹಚ್ಚಿದೆ. ಮೊದಲ ರಾಜ ಪದ ಎತ್ತುವಾಗಲೆಲ್ಲ ಕಣ್ಣು ಬಲಕ್ಕೆ, ಹಾರ್ಮೋನಿಯಂ ಕಡೆಗೆ. ಎರಡನೇ ರಾಜನವರೆಗೆ ಓಡಿಸಿದೆ. ಅವನು ಸಿಂಹಾಸನ ಹಿಡಿದುಕೊಂಡು ಅಳುವ ಪದ ಶುರು ಮಾಡಿದ. ಮೈಕಿನ ಕೀರಲಿಗೆ ದನಿ ಯಾರದೆಂದು ತಿಳಿಯುವ ಹಾಗಿರಲಿಲ್ಲ. ತಲೆ ಎಡಕ್ಕೆ ತಿರುಗಿತು. ಮತ್ತೊಂದು ಪದ, ಮತ್ತೆ ಎಡಕ್ಕೆ. ಮಗನನ್ನು ಕಳೆದುಕೊಂಡ ರಾಜ ಗೋಳಾಡುತ್ತ ಜನರ ನಡುವೆ ಯಾರನ್ನೋ ಹುಡುಕುತ್ತಿದ್ದ.

ಪ್ರಾಂಪ್ಟ್ ಮಾಡುವವನು ಆ ಕಡೆಯ ಸೈಡ್‌ವಿಂಗಿನಲ್ಲಿ ನಿಂತಿರಬಹುದಲ್ಲ ಎಂದು ನನಗೆ ಆಗಲೂ ಅನ್ನಿಸಿತು. ಮಾತು ಮರೆತವನು ಅತ್ತ ನೋಡುತ್ತಾನೆ. ಚಿಕ್ಕವ್ವನಿಗೆ ಹೇಳಲಿಲ್ಲ. ವಿಡಿಯೋವನ್ನು ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿದೆ. ಮೂವತ್ತು ವರ್ಷ ಕ್ಯಾಮೆರಾ ನೋಡಿದ ಕಣ್ಣು, ನೋಟ ಎಲ್ಲಿ ಬೀಳುತ್ತದೆ ಎಂದು ನನಗೆ ತಿಳಿಯುತ್ತದೆ. ಪ್ರಾಂಪ್ಟರನ್ನು ನೋಡುವವನು ನೇರ ಪಕ್ಕಕ್ಕೆ ನೋಡಬೇಕು. ಇವನ ಕಣ್ಣು ಕೆಳಗೆ, ಸ್ಟೇಜಿನಿಂದಾಚೆ, ನೆಲದ ಮೇಲೆ ಕೂತವರ ಎತ್ತರಕ್ಕೆ ಇತ್ತು. ಒಂದು ಕಡೆ ಕಣ್ಣು ನಿಂತಿತು. ಸಿಕ್ಕಿದ್ದಳು ಅಂತ ಕಾಣುತ್ತದೆ. ಅಲ್ಲಿಂದ ಮುಂದೆ ಪದ ಸ್ವಲ್ಪ ಬೇಗ ಹೋಯಿತು.

ಅಲ್ಲಿಗೆ ನಿಲ್ಲಿಸಿ ಆ ಮುಖವನ್ನು ಕತ್ತರಿಸಿದೆ. ದೊಡ್ಡ ಎನ್ನುವ ಹೆಸರಿನಿಂದ ಮೊದಲನೆಯದನ್ನು ತೆಗೆದು ಇದನ್ನು ಕೂರಿಸಿದೆ. ರಾಜ, ಎರಡನೇ ಭಾಗ ಎಂದು ಬರೆದೆ. ಮೊದಲ ಭಾಗಕ್ಕೆ ಚಿಕ್ಕಪ್ಪನ ಹೆಸರನ್ನೂ ಬರೆದೆ. ಕಿರೀಟದ ಮುಖ ಬೇಕೋ ಬಿಳಿ ಶರ್ಟು ಸಾಕೋ ಎಂದು ಅವನನ್ನು ಕೇಳಿದೆ.

"ಕಿರೀಟದ್ದೇ ಆಕು. ಅವ್ವ ಇಷ್ಟ್ ದಿನ ಆದ್ಮೇಲೆ ಗಂಡನ್ನ ಗುರ್ತ್ ಇಡುದವ್ಳೆ," ಎಂದ.

ಚಿಕ್ಕವ್ವ ಸುಳ್ಳು ಹೇಳುವುದಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದು ದಾರಿಯಲ್ಲಿ ಲೆಕ್ಕ ಹಾಕಿದೆ. ಮಳವಳ್ಳಿ ದಾಟುವವರೆಗೆ ಅದು ಸರಿ ಎನಿಸಿತು. ಆಮೇಲೆ, ಜಾಣೆಯಾದರೆ ಹೀಗೇ ಹೇಳುತ್ತಾಳೆ ಎಂದೂ ಎನಿಸಿತು. ಮದ್ದೂರು ಬರುವ ಹೊತ್ತಿಗೆ ಎರಡೂ ಹಾಗೇ ಇದ್ದವು. ಮನೆಗೆ ಬಂದು ಟಿವಿಯಲ್ಲಿ ಹೊಸ ಮುಖ ತೆಗೆದು ಹೆಂಡತಿಗೆ ತೋರಿಸಿದೆ, ಏನೂ ಹೇಳದೆ.

"ನಿಮ್ಮಪ್ಪನಾ?" ಎಂದಳು. "ಸಂತೇಲಿ ನಾನು ಹಿಂದೆ ಉಳ್ಕೊಂಡ್ರೆ ನೀವು ಹಿಂಗೇ ತಿರುಗಿ ನೋಡ್ತೀರ. ಎಲ್ಲೋದ್ಲೋ ಅಂತ."

ಆ ದಿನವೇ ಅವನ ಲಾಗಿನ್ ವಾಪಸು ಕೊಟ್ಟೆ, ಬದಲಾಯಿಸುವ ಅಧಿಕಾರದ ಸಮೇತ. ದಿನಕ್ಕೊಮ್ಮೆ ನೋಡುತ್ತೇನೆ. ಇನ್ನೂ ಏನೂ ಬದಲಾಗಿಲ್ಲ.

ಈ ಹೊತ್ತಿಗೆ ನನ್ನ ಬಳಿ ಇರುವುದು: ಅಂಗಡಿ ಒಂದು, ಮನೆ ಒಂದು. ಸರ್ವರಿನಲ್ಲಿ ನಾಟಕ ಮೂವತ್ತೆಂಟು. ಹೆಸರು ಸಿಕ್ಕಿದ ಪಾತ್ರಧಾರಿಗಳು ನಾನೂರ ಹನ್ನೆರಡು ಜನ, ಅವರಲ್ಲಿ ಮುಖ ಇರುವವರು ಇನ್ನೂರ ತೊಂಬತ್ತು. ಊರ ದೇವರ ಹೆಸರಿನವರು ಹದಿನೇಳು, ಹದಿನೇಳಕ್ಕೂ ಬೇರೆ ಬೇರೆ ಮುಖ. ಬದಲಾಯಿಸುವ ಅಧಿಕಾರ ಇರುವ ಲಾಗಿನ್ ಎರಡು. ಅಪ್ಪನ ಮುಖ ಒಂದು.